ಮಾಯದ ಕಲೆಯನ್ನು ಕಡೆಗಣಿಸದಿರೋಣ



ಆರೋಗ್ಯ ವಿಭಾಗದಲ್ಲಿ ಸಾಮಾನ್ಯವಾಗಿ ಮಧುಮೇಹ, ರಕ್ತದೊತ್ತಡ, ಮಂಡಿನೋವಿನಂತಹ, ಮನೆಮನೆಯಲ್ಲಿಯೂ ಕಾಣುವ ತೊಂದರೆಗಳ ವಿಚಾರವೇ ಬರುತ್ತದೆ. ಈ ತಿಂಗಳು ನಾನು ಬರೆಯಹೊರಟಿರುವುದು ನಿಮ್ಮಲ್ಲಿ ಬಹುಪಾಲು ಜನ ಹೆಸರನ್ನೇ ಕೇಳಿರದ ಒಂದು ಕಾಯಿಲೆಯ ಬಗ್ಗೆ. ರಕ್ತನಾಳ ಹಾಗೂ ದುಗ್ಧನಾಳಗಳ ಒಳಪದರದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಅದು. ಇಷ್ಟು ವಿರಳವಾದ ರೋಗದ ವಿಚಾರ ಎಲ್ಲರಿಗೂ ಏಕೆ ಬೇಕು ಎಂದು ಕೆಲವರು ಕೇಳಬಹುದು. ಅಪರೂಪದ ರೋಗವನ್ನು ಗುರುತಿಸಲು ಬೇಕಾದ ಎಚ್ಚರ ಮಾತ್ರ ತೀರ ಸಾಮಾನ್ಯವಾದದ್ದು, ಅದು ನಮ್ಮೆಲ್ಲರ ಕೈಯಲ್ಲಿಯೂ ಇರುವಂಥದ್ದು ಎಂಬುದೇ ನನ್ನ ಉತ್ತರ. ಆ ಎಚ್ಚರ ತಪ್ಪಿದ ಒಂದು ಮನೆ ನನ್ನದೇ ಆಗಿರುವುದರಿಂದ ಈ ಮಾತನ್ನು ಹೇಳುವ ಹೊಣೆಯೂ ನನಗಿದೆ.

ಒಂದು ಮನೆಯ ಮಾತು

ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ದಶಕ ಕೆಲಸ ಮಾಡಿ, ನಿವೃತ್ತನಾದ ಮೇಲೆ ಬೆಂಗಳೂರಿನ ಗೊಟ್ಟಿಗೆರೆಯಲ್ಲಿ ನೆಲೆಸಿದ್ದೇನೆ. ಗುಂಡ್ಲುಪೇಟೆ ಕಡೆಯ ನಮ್ಮೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ನನ್ನ ಚಿಕ್ಕಪ್ಪನವರು ಕೆಲವು ವರ್ಷಗಳ ಹಿಂದೆ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ನಮ್ಮ ಮನೆಗೆ ಬಂದಿದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಸ್ನಾನ ಮಾಡಿ, ಪೂಜೆ ಮುಗಿಸಿ, ರುಮಾಲು ಸುತ್ತಿಕೊಳ್ಳುವ ಮೊದಲು ನನ್ನೆದುರು ಕುಳಿತಿದ್ದಾಗ ಅವರ ನೆತ್ತಿಯ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ನೇರಳೆ ಬಣ್ಣದ ಕಲೆ ಕಣ್ಣಿಗೆ ಬಿತ್ತು. ಏನಿದು ಎಂದು ಕೇಳಿದೆ. "ಕೊಟ್ಟಿಗೆ ತೊಲೆ ಬಡೀತು ಕಣಪ್ಪ, ಅಷ್ಟೇಯ" ಎಂದರು. ಎಂದು ಬಡಿದದ್ದು ಎಂದು ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳದೆ ಹೋದದ್ದು ನನ್ನ ವೃತ್ತಿಜೀವನದ ದೊಡ್ಡ ತಪ್ಪುಗಳಲ್ಲೊಂದು.

ಊರಿಗೆ ಹಿಂತಿರುಗಿದ ಮೇಲೆ ಆ ಕಲೆ ಮಾಯಲಿಲ್ಲ. ಮೊದಲು ಅರಿಸಿನ ಹಚ್ಚಿದರು. ಅಂಚು ಹರಡಿದಾಗ ಅದು ಸರ್ಪಸುತ್ತು ಇರಬೇಕೆಂದು ಯಾರೋ ಹೇಳಿದರು. ಹೀಗಾಗಿ ಕೆಮ್ಮಣ್ಣು ಬಳಿದು ಒಂದು ತಿಂಗಳು ಕಳೆದರು. ಬಳಿಕ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಮುಲಾಮು ಕೊಟ್ಟರು. ಸ್ನಾನ ಮಾಡುವಾಗ ಕೈ ತಾಗಿದರೆ ರಕ್ತ ಒಸರತೊಡಗಿದ ಮೇಲೆ ಇನ್ನೊಬ್ಬ ವೈದ್ಯರು ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳುಹಿಸೋಣ ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. "ಕಬ್ಣ ಸೋಕಿದ್ರೆ ಅದು ಹರಡ್ಬುಡ್ತದಂತೆ" ಎಂದು ನನಗೆ ದೂರವಾಣಿ ಮಾಡಿ ಅತ್ತರು. ನಾನು ಗಟ್ಟಿಯಾಗಿ ಹೇಳಬೇಕಿತ್ತು. "ನೋಡೋಣ, ಮುಂದಿನ ವಾರ ನಾನೇ ಬರುತ್ತೇನೆ" ಎಂದೆ. ಆ ಮುಂದಿನ ವಾರ ಬಂದದ್ದು ಒಂದೂವರೆ ತಿಂಗಳ ನಂತರ. ಪರೀಕ್ಷೆಯ ವರದಿಯಲ್ಲಿ ಬರೆದಿದ್ದ ಹೆಸರು ಆಂಜಿಯೋಸಾರ್ಕೋಮ. ಆ ಹೊತ್ತಿಗೆ ಕಲೆ ಹಣೆಯವರೆಗೆ ಇಳಿದಿತ್ತು. ಚಿಕ್ಕಪ್ಪ ಮುಂದೆ ಹದಿನಾಲ್ಕು ತಿಂಗಳು ಬದುಕಿದರು.

ಮೊದಲ ದಿನವೇ ಪತ್ತೆಯಾಗಿದ್ದರೆ ಅವರು ಖಂಡಿತವಾಗಿ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಅದು ಕ್ರೂರವಾದ ರೋಗ. ಆದರೆ ನಾಣ್ಯದಷ್ಟಿದ್ದಾಗ ಇದ್ದ ಅವಕಾಶವು ಅಂಗೈಯಷ್ಟಾದಾಗ ಇರಲಿಲ್ಲ ಎಂಬುದನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಲ್ಲೆ.

ರಕ್ತದ ಕ್ಯಾನ್ಸರ್ ಬೇರೆ, ಇದು ಬೇರೆ

ರಕ್ತನಾಳದ ಕ್ಯಾನ್ಸರ್ ಎಂದೊಡನೆ ಜನ ಇದನ್ನು ರಕ್ತದ ಕ್ಯಾನ್ಸರ್ ಎಂದು ಭಾವಿಸುತ್ತಾರೆ. ಎರಡೂ ಬೇರೆ ಬೇರೆ. ಬೆಂಗಳೂರಿನ ಕೆರೆಗಳನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ಸುಲಭವಾಗಿ ಹೇಳಬಹುದು. ನಮ್ಮ ಗೊಟ್ಟಿಗೆರೆಯ ಕೆರೆಯಂತಹ ಕೆರೆಗಳನ್ನು ಹಿಂದಿನವರು ರಾಜಕಾಲುವೆಗಳಿಂದ ಒಂದಕ್ಕೊಂದು ಪೋಣಿಸಿದ್ದರು. ಕಾಲುವೆಯಲ್ಲಿ ಹರಿಯುವ ನೀರು ಕೆಡುವುದು ಒಂದು ಬಗೆಯ ಕೇಡು, ಕಾಲುವೆಯ ಒಳಮೈಯೇ ಕೆಟ್ಟು ಅಡ್ಡಾದಿಡ್ಡಿ ಬೆಳೆಯತೊಡಗುವುದು ಮತ್ತೊಂದು ಬಗೆಯ ಕೇಡು. ಲ್ಯೂಕೇಮಿಯದಂತಹ ರಕ್ತದ ಕ್ಯಾನ್ಸರ್ ಮೊದಲನೆಯ ಬಗೆಯದು. ನಾವು ಈಗ ಮಾತನಾಡುತ್ತಿರುವುದು ಎರಡನೆಯದು.

ದೇಹದ ಪ್ರತಿಯೊಂದು ರಕ್ತನಾಳದ ಒಳಗೂ ಜೀವಕೋಶಗಳ ಒಂದೇ ಒಂದು ತೆಳುಸಾಲು ಹಾಸಿಕೊಂಡಿರುತ್ತದೆ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಮತ್ತೆ ರಕ್ತಕ್ಕೆ ಸೇರಿಸುವ ದುಗ್ಧನಾಳಗಳಿಗೂ ಇಂತಹುದೇ ಒಳಪದರವಿದೆ. ರಕ್ತ ಸರಾಗವಾಗಿ ಹರಿಯುವುದು, ಹೆಪ್ಪುಗಟ್ಟಬಾರದ ಕಡೆ ಹೆಪ್ಪುಗಟ್ಟದಿರುವುದು, ಗಾಯವಾದಲ್ಲಿ ಹೊಸ ನಾಳಗಳು ಮೂಡುವುದು, ಇವೆಲ್ಲಕ್ಕೂ ಈ ಪದರದ ಆರೋಗ್ಯವೇ ಆಧಾರ. ಈ ಪದರದ ಕೋಶಗಳು ಹತೋಟಿ ತಪ್ಪಿ ಬೆಳೆದಾಗ ಉಂಟಾಗುವುದೇ ಆಂಜಿಯೋಸಾರ್ಕೋಮ ಮತ್ತು ಅದರ ಬಳಗದ ಕ್ಯಾನ್ಸರ್‌ಗಳು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ನಾಳಗಳಿಲ್ಲದ ಭಾಗ ದೇಹದಲ್ಲಿ ಬಹಳ ವಿರಳವಾದ್ದರಿಂದ ಈ ರೋಗ ಚರ್ಮ, ಸ್ತನ, ಯಕೃತ್ತು, ಗುಲ್ಮ, ಮೂಳೆ, ಕೊನೆಗೆ ಹೃದಯದಲ್ಲಿಯೂ ಹುಟ್ಟಬಹುದು. ಎರಡನೆಯದಾಗಿ, ಕೆಟ್ಟಿರುವುದು ರಕ್ತವಲ್ಲವಾದ್ದರಿಂದ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇದರ ಸುಳಿವೇ ಸಿಗದಿರಬಹುದು. "ರಕ್ತಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಾಗಿದೆಯಂತೆ" ಎಂದು ನೆಮ್ಮದಿಯಿಂದ ಮನೆಗೆ ಮರಳುವವರನ್ನು ನಾನು ಬಹಳ ನೋಡಿದ್ದೇನೆ. ಈ ರೋಗದ ಮಟ್ಟಿಗೆ ಅದು ಹುಸಿ ನೆಮ್ಮದಿ.

ಒಂದೇ ಮನೆತನ, ಬೇರೆ ಬೇರೆ ಗುಣ

ನಾಳಗಳಿಂದ ಹುಟ್ಟುವ ಗೆಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಹಸುಗೂಸುಗಳ ಮೈಮೇಲೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಗೆ ಉಬ್ಬುವ ಹೆಮ್ಯಾಂಜಿಯೋಮ ಬಹಳ ಸಾಮಾನ್ಯ. ಅದು ಕೆಲವು ತಿಂಗಳು ಬೆಳೆದು, ಮುಂದಿನ ಕೆಲವು ವರ್ಷಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ವಯಸ್ಸಾದವರ ಎದೆ, ಹೊಟ್ಟೆಗಳ ಮೇಲೆ ಮೂಡುವ ಸಣ್ಣ ಕೆಂಪು ಚುಕ್ಕಿಗಳೂ ನಿರಪಾಯಕಾರಿ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಕಂಡುಬರುವ ಯಕೃತ್ತಿನ ಹೆಮ್ಯಾಂಜಿಯೋಮ ಕೂಡ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಈ ಲೇಖನವನ್ನು ಓದಿ ಯಾರೂ ಮಗುವಿನ ಮಚ್ಚೆಯನ್ನು ಕಂಡು ಗಾಬರಿಯಾಗಬಾರದು.

ಕ್ಯಾನ್ಸರ್ ಎನಿಸಿಕೊಳ್ಳುವವುಗಳಲ್ಲಿ ಮುಖ್ಯವಾಗಿ ಮೂರನ್ನು ಹೆಸರಿಸಬಹುದು. ಅತಿ ಉಗ್ರವಾದದ್ದು ಆಂಜಿಯೋಸಾರ್ಕೋಮ. ವಯಸ್ಕರಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಮೃದು ಅಂಗಾಂಶದ ಸಾರ್ಕೋಮಗಳ ಪಾಲು ನೂರಕ್ಕೆ ಸುಮಾರು 1. ಆ ಸಾರ್ಕೋಮಗಳಲ್ಲಿ ನೂರಕ್ಕೆ 1 ಅಥವಾ 2 ಮಾತ್ರ ಆಂಜಿಯೋಸಾರ್ಕೋಮ. ಎಂದರೆ ಹತ್ತು ಸಾವಿರ ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬರೋ ಇಬ್ಬರೋ.

ಎರಡನೆಯದು ಎಪಿಥೀಲಿಯಾಯ್ಡ್ ಹೆಮ್ಯಾಂಜಿಯೋಎಂಡೋಥೀಲಿಯೋಮ ಎಂಬ ಉದ್ದ ಹೆಸರಿನದು. 1982ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರಾದ ವೈಸ್ ಮತ್ತು ಎನ್ಜಿಂಗರ್ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದರು. 2011ರಲ್ಲಿ ಇದರ ಹಿಂದಿರುವ ವಂಶವಾಹಿಯ ಬದಲಾವಣೆ ಪತ್ತೆಯಾಯಿತು. ಯಾವಾಗಲೂ ಬೇರೆ ಬೇರೆಯಾಗಿರಬೇಕಾದ ಎರಡು ವಂಶವಾಹಿಗಳು ಮುರಿದು ಒಂದಕ್ಕೊಂದು ಅಂಟಿಕೊಳ್ಳುವುದೇ ಆ ಬದಲಾವಣೆ. ಇದು ತಂದೆತಾಯಿಯರಿಂದ ಬರುವುದಲ್ಲ, ಬದುಕಿನ ನಡುವೆ ಯಾವುದೋ ಒಂದು ಕೋಶದಲ್ಲಿ ಸಂಭವಿಸುವಂಥದ್ದು. ಯಕೃತ್ತು, ಶ್ವಾಸಕೋಶ, ಮೂಳೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ರೋಗದ ನಡೆ ವಿಚಿತ್ರವಾದದ್ದು. ಕೆಲವರಲ್ಲಿ ಚಿಕಿತ್ಸೆಯಿಲ್ಲದೆಯೂ ವರ್ಷಗಟ್ಟಲೆ ಇದ್ದಲ್ಲಿಯೇ ಇರುತ್ತದೆ, ಕೆಲವರಲ್ಲಿ ಬೇಗನೆ ಹರಡುತ್ತದೆ.

ಮೂರನೆಯದು ಕಪೋಸಿ ಸಾರ್ಕೋಮ. 1872ರಲ್ಲಿ ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ ಇದನ್ನು ಮೊದಲು ವಿವರಿಸಿದರು. ಇದಕ್ಕೆ ಕಾರಣವಾದ ವೈರಾಣು ಪತ್ತೆಯಾದದ್ದು 1994ರಲ್ಲಿ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ವಿಶೇಷವಾಗಿ ಎಚ್‌ಐವಿ ಸೋಂಕಿತರಲ್ಲಿ ಹಾಗೂ ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಇದು ಬರಬಹುದು. ಭಾರತದಲ್ಲಿ ಇದು ಬಹಳ ವಿರಳ.

ಎಲ್ಲಿ, ಯಾರಲ್ಲಿ ನೋಡಬೇಕು?

ಆಂಜಿಯೋಸಾರ್ಕೋಮ ಹೆಚ್ಚಾಗಿ ಕಾಣುವ ಜಾಗ ವಯಸ್ಸಾದವರ ನೆತ್ತಿ ಮತ್ತು ಮುಖದ ಚರ್ಮ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಆರಂಭದಲ್ಲಿ ಅದು ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದಂತೆಯೇ ತೋರುತ್ತದೆ. ನೋವಿರುವುದಿಲ್ಲ. ರುಮಾಲು, ಟೋಪಿಗಳ ಕೆಳಗೆ, ಹಣೆಯಿಂದ ನೆತ್ತಿಯವರೆಗೆ ಧರಿಸಿದ ವಿಭೂತಿಯ ಕೆಳಗೆ ಅದು ತಿಂಗಳುಗಟ್ಟಲೆ ಅಡಗಿರಬಲ್ಲದು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವ ಹಿರಿಯರಲ್ಲಿ ಸಣ್ಣಪುಟ್ಟ ನೀಲಿ ಕಲೆಗಳು ಸಹಜವಾದ್ದರಿಂದ ವೈದ್ಯರು ಸಹ ಇದನ್ನು ಹಾಗೆಯೇ ಎಂದುಕೊಳ್ಳುವ ಸಂಭವವಿದೆ.

ಇಲ್ಲೊಂದು ಸರಳ ವ್ಯತ್ಯಾಸವನ್ನು ನೆನಪಿಡಿ. ಪೆಟ್ಟಿನ ಕಲೆ ದಿನದಿನಕ್ಕೆ ಬಣ್ಣ ಬದಲಿಸುತ್ತದೆ. ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಈ ರೋಗದ ಕಲೆ ಹಾಗೆ ಹಳದಿಗೆ ತಿರುಗದು. ಅದು ಇದ್ದಂತೆಯೇ ಇರುತ್ತದೆ, ಇಲ್ಲವೆ ಅಂಚು ಹಿಗ್ಗುತ್ತ ಹೋಗುತ್ತದೆ. ಕ್ರಮೇಣ ಗಂಟು ಮೂಡುತ್ತದೆ, ಸೋಕಿದರೆ ರಕ್ತ ಬರುತ್ತದೆ.

ಎರಡನೆಯದಾಗಿ ಎಚ್ಚರವಾಗಿರಬೇಕಾದವರು ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದ ತಾಯಂದಿರು. ಬೆಂಗಳೂರಿನ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದೇ. ಅವರಲ್ಲಿ ಗುಣಮುಖರಾಗಿ ನೆಮ್ಮದಿಯಿಂದ ಬಾಳುತ್ತಿರುವವರು ಇಂದು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ವಿಕಿರಣ ಪಡೆದ ಸಾವಿರ ಮಂದಿಯಲ್ಲಿ ಸುಮಾರು ಒಬ್ಬರಿಗೆ, ಬಹುತೇಕ 5ರಿಂದ 10 ವರ್ಷಗಳ ಬಳಿಕ, ಅದೇ ಜಾಗದ ಚರ್ಮದಲ್ಲಿ ಆಂಜಿಯೋಸಾರ್ಕೋಮ ಕಾಣಿಸಿಕೊಳ್ಳಬಹುದು. ಇದನ್ನು ಕೇಳಿ ಯಾರೂ ವಿಕಿರಣ ಚಿಕಿತ್ಸೆಯನ್ನು ನಿರಾಕರಿಸಬಾರದು. ಅದು ಉಳಿಸುವ ಜೀವಗಳು ನೂರಾರು, ಈ ಅಪಾಯ ಅತ್ಯಲ್ಪ. ಐದು ವರ್ಷ ಕಳೆಯಿತು, ಇನ್ನು ತೋರಿಸುವ ಅಗತ್ಯವಿಲ್ಲ ಎಂದು ನಿಲ್ಲಿಸಬಾರದೆಂಬುದಷ್ಟೇ ನನ್ನ ಮನವಿ.

ಮೂರನೆಯದು ಬಹುಕಾಲದಿಂದ ಊದಿಕೊಂಡ ಕೈ ಅಥವಾ ಕಾಲು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರ ತೋಳು ಶಾಶ್ವತವಾಗಿ ಊದಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಊದಿದ ತೋಳಿನಲ್ಲಿ ಈ ಕ್ಯಾನ್ಸರ್ ಹುಟ್ಟಬಹುದೆಂದು 1948ರಲ್ಲಿ ನ್ಯೂಯಾರ್ಕಿನ ಸ್ಟೀವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು ಆರು ರೋಗಿಗಳ ವಿವರಗಳೊಂದಿಗೆ ತೋರಿಸಿಕೊಟ್ಟರು. ಇಂದಿಗೂ ಅದಕ್ಕೆ ಅವರಿಬ್ಬರ ಹೆಸರೇ ಇದೆ. ಆನೆಕಾಲು ರೋಗದಿಂದ ಊದಿದ ಕಾಲಿನಲ್ಲಿಯೂ ಬಹಳ ವಿರಳವಾಗಿ ಇದು ಕಂಡುಬಂದಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಗಳಲ್ಲಿ ಆನೆಕಾಲು ರೋಗದಿಂದ ನರಳುತ್ತಿರುವ ಭಕ್ತರು ಇದನ್ನು ಗಮನದಲ್ಲಿಡುವುದು ಒಳ್ಳೆಯದು. ಊದಿದ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವ ನಮ್ಮ ಅಕ್ಕತಂಗಿಯರು ವಾರಕ್ಕೊಮ್ಮೆಯಾದರೂ ಬೆಳಕಿನಲ್ಲಿ ಅದನ್ನು ಪೂರ್ತಿಯಾಗಿ ನೋಡಿಕೊಳ್ಳಬೇಕು.

ದೇಹದ ಒಳಗೆ ಹುಟ್ಟುವ ಬಗೆಗಳನ್ನು ನಾವು ಕಣ್ಣಾರೆ ಕಾಣಲಾರೆವು. ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆಯ ಬಲಭಾಗದ ನೋವು, ಬಿಡದ ಕೆಮ್ಮು, ಉಸಿರಾಟದ ತೊಂದರೆ, ಮೂಳೆಯ ನೋವು ಕೆಲವು ವಾರಗಳಿಗೂ ಮೀರಿ ಉಳಿದರೆ ತಪಾಸಣೆ ಮಾಡಿಸಿಕೊಳ್ಳುವುದೊಂದೇ ದಾರಿ. ಅವುಗಳಿಗೆ ಬೇರೆ ಸಾಮಾನ್ಯ ಕಾರಣಗಳೇ ಹೆಚ್ಚು.

ಕಾರಣಗಳ ವಿಚಾರ

"ನಾವೇನು ತಪ್ಪು ಮಾಡಿದ್ದೆವು?" ಎಂದು ಚಿಕ್ಕಮ್ಮ ನನ್ನನ್ನು ಪದೇ ಪದೇ ಕೇಳುತ್ತಿದ್ದರು. ಹೆಚ್ಚಿನ ರೋಗಿಗಳಲ್ಲಿ ಯಾವ ಕಾರಣವೂ ತಿಳಿದುಬರುವುದಿಲ್ಲ. ವಿಕಿರಣ ಮತ್ತು ಬಹುಕಾಲದ ಊತದ ಮಾತು ಮೇಲೆ ಬಂದಿದೆ. ಯಕೃತ್ತಿನ ಆಂಜಿಯೋಸಾರ್ಕೋಮಕ್ಕೆ ಕೆಲವು ರಾಸಾಯನಿಕಗಳೊಡನೆ ನಂಟಿದೆ. 1974ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಕಾರ್ಖಾನೆಯೊಂದರಲ್ಲಿ ಪಿವಿಸಿ ಪ್ಲಾಸ್ಟಿಕ್ ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಒಬ್ಬರ ಹಿಂದೊಬ್ಬರಂತೆ ಈ ವಿರಳ ರೋಗ ಕಂಡುಬಂದಿತು. ಅಲ್ಲಿ ಬಳಸುತ್ತಿದ್ದ ವಿನೈಲ್ ಕ್ಲೋರೈಡ್ ಅನಿಲವೇ ಕಾರಣವೆಂದು ತಿಳಿದುಬಂದ ಮೇಲೆ ಕಾರ್ಖಾನೆಗಳ ನಿಯಮಗಳು ಬಿಗಿಯಾದವು. ಅಪಾಯವಿದ್ದದ್ದು ಅನಿಲದಲ್ಲಿ, ನಮ್ಮ ಮನೆಯ ಪಿವಿಸಿ ಕೊಳವೆಯಲ್ಲಲ್ಲ. ಒಬ್ಬ ವೈದ್ಯ ಅಪರೂಪದ ರೋಗವನ್ನು ಅಪರೂಪವೆಂದು ತಳ್ಳಿಹಾಕದೆ ಲೆಕ್ಕವಿಟ್ಟದ್ದರಿಂದಲೇ ಆ ಸತ್ಯ ಹೊರಬಂದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ದೀರ್ಘಕಾಲ ದೇಹ ಸೇರುವ ಪಾಷಾಣ, ಅಂದರೆ ಆರ್ಸೆನಿಕ್ ಕೂಡ ಈ ಪಟ್ಟಿಯಲ್ಲಿದೆ. ನಮ್ಮ ರಾಜ್ಯದಲ್ಲಿಯೇ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇದ್ದು ಜನ ಚರ್ಮದ ಕಾಯಿಲೆಗಳಿಗೆ ತುತ್ತಾದ ಸಂಗತಿ ವರದಿಯಾಗಿದೆ. ಅಲ್ಲಿ ಕಂಡದ್ದು ಚರ್ಮದ ತೊಂದರೆಗಳೇ ಹೊರತು ಈ ಲೇಖನದ ರೋಗವಲ್ಲ. ಆದರೂ ಕುಡಿಯುವ ನೀರಿನ ಪರೀಕ್ಷೆ ಎಷ್ಟು ಅಗತ್ಯವೆಂಬುದನ್ನು ಅದು ನೆನಪಿಸುತ್ತದೆ.

ಇವಿಷ್ಟನ್ನು ಬಿಟ್ಟರೆ, ಪೂರ್ವಜನ್ಮದ ಕರ್ಮವನ್ನೋ ನಾಗದೋಷವನ್ನೋ ರೋಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇದು ಅಂಟುರೋಗವೂ ಅಲ್ಲ. ಆಂಜಿಯೋಸಾರ್ಕೋಮ ರೋಗಿಯ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಯಾರಿಗೂ ಬರುವುದಿಲ್ಲ.

ಕಬ್ಬಿಣ ಸೋಕಿದರೆ ಹರಡುತ್ತದೆಯೆ?

ಈ ಲೇಖನದ ಮುಖ್ಯ ಮಾತು ಇದು. ನನ್ನ ಅನುಭವದಲ್ಲಿ, ನಮ್ಮ ನಾಡಿನಲ್ಲಿ ಕ್ಯಾನ್ಸರ್ ಪತ್ತೆ ತಡವಾಗಲು ಬಡತನದಷ್ಟೇ ದೊಡ್ಡ ಕಾರಣ ಬಯಾಪ್ಸಿಯ ಭಯ. ಕತ್ತಿ ಅಥವಾ ಸೂಜಿ ತಾಗಿದರೆ ಗೆಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲಿಯೂ ಇದೆ, ಜಯನಗರ, ಜೆ.ಪಿ. ನಗರಗಳ ಓದಿದ ಮನೆಗಳಲ್ಲಿಯೂ ಇದೆ.

ಈ ನಂಬಿಕೆ ಏಕೆ ಗಟ್ಟಿಯಾಯಿತೆಂಬುದನ್ನು ನಾವು ಅರ್ಥಮಾಡಿಕೊಳ್ಳಬೇಕು. ಜನ ಸುಮ್ಮನೆ ಕಟ್ಟಿದ ಕತೆಯಲ್ಲ ಅದು. ರೋಗ ಬಲಿತ ಮೇಲೆಯೇ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ತುಣುಕು ತೆಗೆಯುತ್ತಾರೆ, ಕೆಲವು ತಿಂಗಳಲ್ಲಿ ರೋಗಿ ತೀರಿಕೊಳ್ಳುತ್ತಾರೆ. ನೋಡಿದವರಿಗೆ ತುಣುಕು ತೆಗೆದದ್ದೇ ಸಾವಿಗೆ ಕಾರಣವೆಂದು ತೋರುತ್ತದೆ. ನಿಜವಾದ ಕಾರಣ ಅದಕ್ಕೂ ಮೊದಲು ಕಳೆದುಹೋದ ತಿಂಗಳುಗಳು. ಸರಿಯಾದ ಕ್ರಮದಲ್ಲಿ ಮಾಡಿದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದು ಅತ್ಯಂತ ವಿರಳ. ಬಯಾಪ್ಸಿ ಮಾಡದೆ ಇರುವುದರಿಂದ ಆಗುವ ಹಾನಿ ಅದಕ್ಕೆ ಹೋಲಿಸಲಾಗದಷ್ಟು ದೊಡ್ಡದು.

ಚರ್ಮದ ಕಲೆಗೆ ಮಾಡುವ ಪರೀಕ್ಷೆ ಬಹಳ ಸಣ್ಣದು. ಆ ಜಾಗಕ್ಕೆ ಮಾತ್ರ ಮರವುಮದ್ದಿನ ಚುಚ್ಚುಮದ್ದು ಕೊಟ್ಟು, ಕಡಲೆಬೇಳೆಗಿಂತ ಚಿಕ್ಕದಾದ ತುಣುಕನ್ನು ತೆಗೆದು, ಒಂದೆರಡು ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಆ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿ, ಸಿಡಿ 31, ಇಆರ್‌ಜಿ ಮುಂತಾದ ಗುರುತುಗಳ ವಿಶೇಷ ಪರೀಕ್ಷೆ ಮಾಡಿದರೆ ಕೋಶಗಳು ನಾಳದ ಒಳಪದರದವೇ ಎಂಬುದು ಗೊತ್ತಾಗುತ್ತದೆ. ಇಷ್ಟು ವಿರಳವಾದ ರೋಗವನ್ನು ಒಬ್ಬ ರೋಗಶಾಸ್ತ್ರಜ್ಞರು ತಮ್ಮ ವೃತ್ತಿಜೀವನದಲ್ಲಿ ಕೆಲವೇ ಬಾರಿ ಕಾಣುತ್ತಾರಾದ್ದರಿಂದ, ಗಾಜಿನ ಸ್ಲೈಡುಗಳನ್ನು ಮತ್ತು ಮೇಣದ ಬ್ಲಾಕನ್ನು ಪಡೆದು ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿ ಇನ್ನೊಮ್ಮೆ ಓದಿಸುವುದು ಯಾರಿಗೂ ಮಾಡುವ ಅವಮಾನವಲ್ಲ. ಅವನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಆತುರವೂ ಇದೆ. ಪರೀಕ್ಷೆಯೇ ಬೇಡ, ಗಂಟನ್ನು ತೆಗೆದು ಬಿಸಾಡಿಬಿಡಿ ಎಂದು ಕೆಲವರು ಒತ್ತಾಯಿಸುತ್ತಾರೆ. ಆಂಜಿಯೋಸಾರ್ಕೋಮ ಕಣ್ಣಿಗೆ ಕಾಣುವ ಅಂಚನ್ನೂ ಮೀರಿ ಚರ್ಮದಡಿ ಹಬ್ಬಿರುತ್ತದೆ. ರೋಗ ಯಾವುದೆಂದು ತಿಳಿಯದೆ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಬೇರು ಉಳಿದು, ಮುಂದಿನ ಚಿಕಿತ್ಸೆ ಇನ್ನಷ್ಟು ಕಠಿಣವಾಗುತ್ತದೆ. ಮೊದಲು ತುಣುಕು, ಆಮೇಲೆ ಸ್ಕ್ಯಾನ್, ಅನಂತರ ಶಸ್ತ್ರಚಿಕಿತ್ಸೆ. ಈ ಕ್ರಮ ತಪ್ಪಬಾರದು.

ನಮ್ಮ ಬಡಾವಣೆಯ ಒಬ್ಬ ಅಕ್ಕನವರ ಸಂಗತಿಯನ್ನೂ ಹೇಳಬೇಕು. ಸ್ತನ ಕ್ಯಾನ್ಸರ್‌ಗೆ ವಿಕಿರಣ ಪಡೆದು ಏಳು ವರ್ಷಗಳಾಗಿದ್ದಾಗ ಅದೇ ಜಾಗದಲ್ಲಿ ಒಂದು ಸಣ್ಣ ಕೆನ್ನೀಲಿ ಚುಕ್ಕಿ ಮೂಡಿತು. ಚಿಕ್ಕಪ್ಪನ ವಿಷಯ ಕೇಳಿದ್ದ ಅವರು ಅದೇ ವಾರ ಆಸ್ಪತ್ರೆಗೆ ಹೋದರು. "ಏನೂ ಇರಲಾರದು" ಎಂದವರಿಗೆ "ಇಲ್ಲವೆಂದು ಪರೀಕ್ಷೆ ಹೇಳಲಿ" ಎಂದರಂತೆ. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಬಯಾಪ್ಸಿ ಕೊಡುವುದು ಯಾವಾಗಲೂ ಕೆಟ್ಟ ಸುದ್ದಿಯನ್ನಲ್ಲ. ಅನೇಕ ಬಾರಿ ಅದು ನಿದ್ದೆಯನ್ನು ಮರಳಿಸುತ್ತದೆ.

ಅಪರೂಪವೆಂಬ ನೆಪ

ಇಷ್ಟು ವಿರಳವಾದ ರೋಗದ ಬಗ್ಗೆ ಬರೆದು ಜನರನ್ನು ಹೆದರಿಸುವುದು ಸರಿಯೇ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲ್ಲ ಕಲೆಗಳಿಗೂ ಸ್ಕ್ಯಾನ್ ಮಾಡಿಸುತ್ತ ಹೋದರೆ ಹಣವೂ ನೆಮ್ಮದಿಯೂ ಹಾಳಾಗುತ್ತವೆ. ಆದ್ದರಿಂದಲೇ ನಾನು ಸೂಚಿಸುತ್ತಿರುವುದು ಸ್ಕ್ಯಾನನ್ನಲ್ಲ, ಕಾಲದ ಗಡಿಯನ್ನು. ಮೂರು ವಾರಗಳಲ್ಲಿ ಮಾಯದ ಕಲೆಯನ್ನು ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಔಷಧಕ್ಕೆ ಇನ್ನೆರಡು ಮೂರು ವಾರಗಳಲ್ಲಿ ಜಗ್ಗದಿದ್ದರೆ ಪರೀಕ್ಷೆಯ ಮಾತನ್ನು ನೀವೇ ಎತ್ತಿ. ಈ ನಿಯಮ ಆಂಜಿಯೋಸಾರ್ಕೋಮಕ್ಕೆ ಮಾತ್ರವಲ್ಲ, ಚರ್ಮದ ಇತರ ಕ್ಯಾನ್ಸರ್‌ಗಳಿಗೂ, ಹೊಗೆಸೊಪ್ಪಿನಿಂದ ಬರುವ ಬಾಯಿಯ ಹುಣ್ಣಿಗೂ ಅನ್ವಯಿಸುತ್ತದೆ. ಅಪರೂಪದ ರೋಗಕ್ಕಾಗಿ ಕಲಿತ ಎಚ್ಚರ ಸಾಮಾನ್ಯ ರೋಗದಿಂದಲೂ ಕಾಪಾಡುತ್ತದೆ.

ವೈದ್ಯ ಬಂಧುಗಳಿಗೂ ಒಂದು ಮಾತು. ಸಾಮಾನ್ಯವಾದದ್ದನ್ನೇ ಮೊದಲು ಊಹಿಸಬೇಕೆಂದು ನಮಗೆ ಕಲಿಸಲಾಗಿದೆ. ಅದು ಸರಿ. ಆದರೆ ಮೊದಲ ಊಹೆ ಸುಳ್ಳಾದಾಗ ಎರಡನೆಯ ಸಲವೂ ಅದೇ ಮುಲಾಮನ್ನು ಬರೆಯುವುದು ಸರಿಯಲ್ಲ.

ಚಿಕಿತ್ಸೆ ಎಲ್ಲಿ, ಹೇಗೆ?

ಗೊಟ್ಟಿಗೆರೆಯಿಂದ ಬನ್ನೇರುಘಟ್ಟ ರಸ್ತೆಯಲ್ಲಿ ಡೈರಿ ವೃತ್ತದತ್ತ ಸಾಗಿದರೆ, ಅಲ್ಲಿಂದ ಅನತಿ ದೂರದಲ್ಲಿ ನಿಮ್ಹಾನ್ಸ್ ಬಳಿ ಕಿದ್ವಾಯಿ ಆಸ್ಪತ್ರೆಯಿದೆ. 1973ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ, ನೆರೆರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಕ್ರಮದಡಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ಅಲ್ಲಿಯೇ ನಡೆದುಬಂದಿದೆ. ಅಪರೂಪದ ರೋಗಗಳ ಲೆಕ್ಕ ಸಿಗುವುದು ಇಂತಹ ತಾಳ್ಮೆಯ ನೋಂದಣಿಯಿಂದಲೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಮೊದಲ ಭೇಟಿಯಲ್ಲಿಯೇ ಜೊತೆಗಿಟ್ಟುಕೊಂಡು, ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು.

ಆಂಜಿಯೋಸಾರ್ಕೋಮ ಒಂದೇ ಜಾಗದಲ್ಲಿದ್ದರೆ ವಿಶಾಲವಾಗಿ ಕತ್ತರಿಸಿ ತೆಗೆದು, ಬಳಿಕ ವಿಕಿರಣ ಕೊಡುವುದು ವಾಡಿಕೆ. ಹರಡಿದ್ದರೆ ಪ್ಯಾಕ್ಲಿಟ್ಯಾಕ್ಸೆಲ್, ಡಾಕ್ಸೊರುಬಿಸಿನ್ ಮುಂತಾದ ಔಷಧಗಳ ಕಿಮೋಥೆರಪಿ ಕೊಡುತ್ತಾರೆ. ಹೆಮ್ಯಾಂಜಿಯೋಎಂಡೋಥೀಲಿಯೋಮ ಇರುವವರಲ್ಲಿ ಕೆಲವರನ್ನು ಕಾಲಕಾಲಕ್ಕೆ ಸ್ಕ್ಯಾನ್ ಮಾಡುತ್ತ ಗಮನಿಸುವುದೇ ಸರಿಯಾದ ಚಿಕಿತ್ಸೆಯಾಗಬಹುದು. ಯಾವುದು ಯಾರಿಗೆ ಎಂಬುದನ್ನು ಶಸ್ತ್ರವೈದ್ಯರು, ವಿಕಿರಣ ತಜ್ಞರು, ಔಷಧ ತಜ್ಞರು ಕೂಡಿ ಕುಳಿತು ನಿರ್ಧರಿಸುವ ಕಡೆ ಹೋಗುವುದು ಕ್ಷೇಮ.

ಗೆಡ್ಡೆ 5 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಫಲ ಉತ್ತಮ. ದೊಡ್ಡದಾದಷ್ಟೂ ಆಸೆ ಕಿರಿದಾಗುತ್ತದೆ. ಗುಣಪಡಿಸಲು ಸಾಧ್ಯವಿಲ್ಲವೆಂದಾದಾಗಲೂ ವೈದ್ಯಶಾಸ್ತ್ರದ ಕೆಲಸ ಮುಗಿಯುವುದಿಲ್ಲ. ನೋವು, ರಕ್ತಸ್ರಾವ, ದುರ್ವಾಸನೆಗಳನ್ನು ಹತೋಟಿಯಲ್ಲಿಡುವ ಉಪಶಾಮಕ ಆರೈಕೆ ಇದೆ. ಮಾರತ್ತಹಳ್ಳಿ ಬಳಿಯ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತ ಬಂದಿದೆ. ಅಲ್ಲಿಗೆ ಕಳುಹಿಸುವುದೆಂದರೆ ಕೈಬಿಟ್ಟಂತೆ ಎಂದು ಮಕ್ಕಳು ತಿಳಿಯಬಾರದು. ನೋವಿಲ್ಲದ ದಿನಗಳನ್ನು ಕೊಡುವುದೂ ಹೆತ್ತವರ ಸೇವೆಯೇ.

ನಾವು ಮಾಡಬಹುದಾದದ್ದು

ಮನೆಯಲ್ಲಿ ಹಿರಿಯರಿದ್ದರೆ ತಿಂಗಳಿಗೊಮ್ಮೆ, ಸ್ನಾನದ ಬಳಿಕ ಹಗಲು ಬೆಳಕಿನಲ್ಲಿ ಅವರ ನೆತ್ತಿ, ಕಿವಿಯ ಹಿಂಭಾಗ, ಮುಖಗಳನ್ನು ನೋಡಿ. ತಮ್ಮ ನೆತ್ತಿಯನ್ನು ಯಾರೂ ತಾವೇ ಕಾಣಲಾರರು. ಅನುಮಾನವಿದ್ದರೆ ಪಕ್ಕದಲ್ಲೊಂದು ನಾಣ್ಯವಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ದಿನಾಂಕ ಬರೆದಿಡಿ. ಮೂರು ವಾರಗಳ ಬಳಿಕ ಮತ್ತೆ ತೆಗೆದು ಹೋಲಿಸಿ. ಕ್ಷೌರಿಕ ಬಂಧುಗಳೊಡನೆಯೂ ಈ ಮಾತನ್ನು ಹಂಚಿಕೊಳ್ಳಿ. ನೆತ್ತಿಯ ಕಲೆಯನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ. ಕಲೆಯ ಮೇಲೆ ಕೆಮ್ಮಣ್ಣು, ಸುಣ್ಣ, ಸೊಪ್ಪಿನ ರಸ ಬಳಿಯಬೇಡಿ, ಅದರಿಂದ ಗುರುತು ಮರೆಯಾಗುತ್ತದೆ.

ಜಾತ್ರೆ, ಶಿಬಿರಗಳ ಸಂದರ್ಭದಲ್ಲಿ ಮಠಗಳು ಏರ್ಪಡಿಸುವ ಆರೋಗ್ಯ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಗಳ ಜೊತೆಗೆ ರುಮಾಲು ತೆಗೆಸಿ ನೆತ್ತಿ ನೋಡುವ, ಬಾಯಿ ತೆರೆಸಿ ನೋಡುವ ಎರಡು ನಿಮಿಷಗಳನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ತಾಯಂದಿರು ಸಂಕೋಚವಿಲ್ಲದೆ ಕೇಳಲು ಒಬ್ಬ ಮಹಿಳಾ ವೈದ್ಯರು ಪ್ರತ್ಯೇಕ ಕೋಣೆಯಲ್ಲಿ ಇರುವಂತಾದರೆ ಇನ್ನೂ ಒಳ್ಳೆಯದು. ದಾಸೋಹವೆಂದರೆ ಅನ್ನ ನೀಡುವುದು ಮಾತ್ರವಲ್ಲ, ತಿಳಿವಳಿಕೆಯನ್ನು ಸಕಾಲದಲ್ಲಿ ನೀಡುವುದೂ ಹೌದು ಎಂದು ನಾನು ತಿಳಿದಿದ್ದೇನೆ. ಕಾಯವೇ ಇಲ್ಲದೆ ಕಾಯಕ ನಡೆಯದು.

ಕಳೆದ ವರ್ಷ ಊರಿಗೆ ಹೋಗಿದ್ದಾಗ ಚಿಕ್ಕಮ್ಮ ತಮ್ಮ ತಮ್ಮನನ್ನು ಕರೆದುತಂದು ನನ್ನೆದುರು ಕೂರಿಸಿದರು. ಆತನ ಕೆನ್ನೆಯ ಮೇಲೆ ಒಂದು ಕಪ್ಪು ಕಲೆಯಿತ್ತು. "ಒಂದು ತಿಂಗ್ಳಾಯ್ತು ಕಣಪ್ಪ, ಹೋಗ್ನಿಲ್ಲ. ಚೂರು ತಗ್ದು ನೋಡ್ಸು" ಎಂದರು. ಕಬ್ಬಿಣ ಸೋಕಿಸಬೇಡವೆಂದು ಅತ್ತಿದ್ದ ಅದೇ ಚಿಕ್ಕಮ್ಮ. ಈ ಸಲ ನಾನು ಮುಂದಿನ ವಾರವೆನ್ನಲಿಲ್ಲ. ಎಂದಿನಿಂದ ಇದೆ, ಹೇಗೆ ಆಯಿತು, ಬಣ್ಣ ಬದಲಾಗಿದೆಯೇ ಎಂದು ಕೇಳಿ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಆತನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟೆ.